ಗಾದೆಮ್ಮನ ಅಜ್ಜನ ಮೆಡಲ್

ಜೋಗಪ್ಪನ ಮುಷ್ಟಿಯಲ್ಲಿ ನನ್ನ ಕಾಲರ್. ಕಾಲರಿನೊಳಗೆ ನನ್ನ ಕತ್ತು!

ಕುರುಗೋಡಿನ ಬಂಡೆಗಳ ನಡುವೆ ಒಂದು ತಗಡಿನ ಗೋದಾಮು. ಸುಡು ಮಧ್ಯಾಹ್ನ. ಎದುರಿಗೆ ಜೋಗಪ್ಪನ ಧಣಿ ಸುಜಯೀಂದ್ರ... ಬಳ್ಳಾರಿಯಲ್ಲಿ ಹಳೇ ಮಿಲಿಟರಿ ಮೆಡಲ್‌ಗಳ ವ್ಯಾಪಾರಿ. ಹಳ್ಳಿ ಹಳ್ಳಿ ಸುತ್ತಿ ಅವನಿಗೆ ಮಾಲು ಹುಡುಕಿಕೊಡುವವನು ನಾನು. ಶರಣ, ಬಿ.ಎ.

"ಇದನ್ನ ಉಜ್ಜೀಯೇನಲೇ?" ಸುಜಯೀಂದ್ರ ನಾನು ತಂದ ಮೆಡಲ್ಲನ್ನು ನನ್ನ ಮೂಗಿಗೆ ಹಿಡಿದ.

"ಪಾಲಿಷ್ ಮಷಿನ್ನಿಗೆ ಹಿಡಿಸೀನ್ರಿ. ಫಳಫಳ ಹೊಳೀಲಿ ಅಂತ..."

"ಡಿಗ್ರಿ ಆದ ಕತ್ತೆ! ಅಂಚಿನ ಮ್ಯಾಲ ಸಿಪಾಯಿ ಹೆಸರು, ನಂಬರ್ ಇರ್ತಾವ. ಕಿಮ್ಮತ್ತು ಅದಕ್ಕ! ಹೆಸರು ಹೋದ್ರ ಬರೇ ಬೆಳ್ಳಿ ಬಿಲ್ಲಿ!"

ಅಂಚು ನೋಡಿದೆ. ಈಗಷ್ಟೇ ಕ್ಷೌರ ಮಾಡಿಸಿದ ಗಲ್ಲದ ಹಾಗೆ ನುಣ್ಣಗಿತ್ತು.

"ಹೋಗ್ಲಿ. ಯಾವನರ ದೊಡ್ಡ ಸಾಹೇಬನ ಹೆಸರು ಕೆತ್ತಿಸ್ತೀನಿ."



ಮೆಡಲ್ ಸಿರುಗುಪ್ಪ ಸೀಮೆಯ ಕರೂರಿನ ಗಾದೆಮ್ಮನದು. ಅವಳ ಅಜ್ಜ ಮೊದಲ ಮಹಾಯುದ್ಧದಲ್ಲಿ ಇರಾಕಿನ ಬಸ್ರಾಕ್ಕೆ ಹೋಗಿ, ಬದುಕಿ ಬರುವಾಗ ತಂದದ್ದು. ನಾನು ಅವಳಿಗೆ ಫೋನ್ ಮಾಡಿ ಮಿಲಿಟರಿ ಕರ್ನಲ್‌ನ ದನಿ ತೆಗೆದಿದ್ದೆ. "ಹಮಾರಾ ಆದ್ಮಿ ಬರ್ತಾನೆ, ಮಾಜೀ. ಮೆಡಲ್ ಒಯ್ದು ರಿಕಾರ್ಡ್ ನೋಡ್ಕೊಂಡು ವಾಪಸ್ ಕೊಡ್ತಾನೆ!"

ಆ ಆದ್ಮಿಯೂ ನಾನೇ. ಮುದುಕಿ ದೇವರ ಜಗಲಿಯಿಂದ ಮೆಡಲ್ ಇಳಿಸಿ ಕೊಟ್ಟಳು. ಕುಡಿಯಲು ಮಜ್ಜಿಗೆಯನ್ನೂ ಕೊಟ್ಟಳು. ಆ ಮೆಡಲ್ ಮೇಲೆ ಈಗ ಬೇರೆ ಯಾವನದೋ ಹೆಸರೇ?

ಜೋಗಪ್ಪನ ಕೈ ಕಚ್ಚಿದೆ. ಸುಜಯೀಂದ್ರನ ಕೈಯಿಂದ ಮೆಡಲ್ ಕಿತ್ತುಕೊಂಡೆ. ಓಡಿದೆ!

ಹಿಂದೆಯೇ ಜೋಗಪ್ಪ. ಕೈಯಲ್ಲಿ ಕಬ್ಬಿಣದ ಸಲಾಕೆ. ಬಂಡೆಯ ಮರೆಗೆ ಸರಿದು ಸುಜಯೀಂದ್ರನ ಮೂಗಿನ ದನಿ ತೆಗೆದೆ.

"ಜೋಗ್ಯಾ! ಕಳ್ಳ ಗೋದಾಮಿನಾಗ ಹೊಕ್ಕಾನ... ಬಾರಲೇ!"

ಅವನು ಹಿಂದಕ್ಕೆ ಓಡಿದ. ನಾನು ಬೈಕ್ ಹತ್ತಿದೆ. ಸಿರುಗುಪ್ಪ ದಾಟುವ ತನಕ ತಿರುಗಿ ನೋಡಲಿಲ್ಲ.

ಕರೂರಿನಲ್ಲಿ ಗಾದೆಮ್ಮ ಮೆಡಲ್ಲನ್ನು ಕಣ್ಣಿಗೊತ್ತಿಕೊಂಡಳು. ಹೆಬ್ಬೆರಳಿನಿಂದ ಅಂಚು ಸವರಿದಳು. ಮತ್ತೆ ಸವರಿದಳು. ತಿರುಗಿಸಿ ಸವರಿದಳು...

"ಓದಾಕ ನನಗ ಬರಂಗಿಲ್ಲ, ತಮ್ಮಾ. ದಿನಾ ದೀಪ ಹಚ್ಚಿ, ಇಲ್ಲೇ ಬೆರಳಾಡಿಸಿ ಅಜ್ಜನ ಹೆಸರು ಹೇಳ್ತಿದ್ದೆ. ಇದು ನಮ್ಮದಲ್ಲ."

"ನಿಮ್ಮದೇ, ಅವ್ವಾ. ನಾನೇ... ಉಜ್ಜಿ ಅಳಿಸಿಬಿಟ್ಟೆ."

"ಕರ್ನಲ್ ಸಾಹೇಬ್ರಿಗೆ ಹೇಳೀಯೇನು?"

"ಆ ಸಾಹೇಬನೂ ನಾನೇ."

ಅವಳು ಬಯ್ಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ! ಮೆಡಲ್ಲನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಒಯ್ಯಪ್ಪಾ. ಯಾರದ್ದೂ ಅಲ್ಲದ್ದನ್ನ ಜಗಲಿ ಮ್ಯಾಲ ಹೆಂಗ ಇಡ್ಲಿ?"

ಬಸ್ರಾದ ಗುಂಡುಗಳು ಕೊಲ್ಲದ ಸಿಪಾಯಿಯನ್ನು ನಾನು ಪಾಲಿಷ್ ಹಾಕಿ ಕೊಂದಿದ್ದೆ.