ಮಾವನಿಗೆ ಸಿಗಡಿ ಆಗುವುದಿಲ್ಲ

ಮಾವ ಉಣ್ಣುವ ಸದ್ದನ್ನು ಅಳಿಯ ಒಂಬತ್ತು ವರ್ಷ ಸಹಿಸಿಕೊಂಡಿದ್ದ. ಅವನದು ಪಿಯಾನೊ ಶ್ರುತಿ ಮಾಡುವ ಕಸುಬು. ಒಂದು ತಂತಿ ಕೂದಲೆಳೆಯಷ್ಟು ಸಡಿಲವಾಗಿದ್ದರೂ ಅವನ ಕಿವಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಅಂಥ ಕಿವಿಯ ಪಕ್ಕದಲ್ಲೇ ಪ್ರತಿ ಭಾನುವಾರ ಮಾವ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಸೂಪನ್ನು ಸೊರ್ರೆಂದು ಎಳೆಯುವರು. ಮೂಳೆಯನ್ನು ಚಪ್ಪರಿಸಿ ಚೀಪಿ, ಚೀಪಿದ್ದನ್ನು ಮಗಳ ತಟ್ಟೆಯ ಅಂಚಿಗೆ ಒರಗಿಸುವರು. ಕಟ್ಟಿಸಿದ ಹಲ್ಲನ್ನು ನಾಲಿಗೆಯಲ್ಲೇ ಎಬ್ಬಿಸಿ ಕೈಗೆ ತೆಗೆದುಕೊಂಡು, ಅದರಡಿ ಸಿಕ್ಕಿದ್ದನ್ನು ದೀಪಕ್ಕೆ ಹಿಡಿದು ನೋಡಿ, ಇದಿನ್ನೂ ತಿನ್ನುವಂತಿದೆ ಎಂದು ಖಾತ್ರಿಯಾದ ಮೇಲೆ ತಿರುಗಿ ಬಾಯಿಗೆ ಹಾಕಿಕೊಳ್ಳುವರು. ಜೀವಮಾನವೆಲ್ಲ ಹರಾಜು ಕೂಗಿದವರಾದ್ದರಿಂದ ಬಾಯ್ತುಂಬ ಅನ್ನವಿದ್ದರೂ ಮಾತು ನಿಲ್ಲುತ್ತಿರಲಿಲ್ಲ. ಪಕ್ಕ ಕೂತ ಅಳಿಯನ ಕನ್ನಡಕದ ಮೇಲೆ ಆ ದಿನದ ಅಡುಗೆಯೆಲ್ಲ ಚುಕ್ಕಿ ಚುಕ್ಕಿಯಾಗಿ ಬಂದು ಕೂರುತ್ತಿತ್ತು.

ವಾರಕ್ಕೊಂದು ದಿನ, ಹೋಗಲಿ ಬಿಡು ಎಂದುಕೊಂಡಿದ್ದ. ಒಂದು ದಿನ ಹೆಂಡತಿ ಬಟ್ಟೆ ಮಡಿಸುತ್ತ ಹೇಳಿದಳು.

"ಅಪ್ಪ ಇನ್ಮೇಲೆ ನಮ್ಮ ಜೊತೇನೇ ಇರ್ತಾರೆ ರೀ. ನಿಮ್ಮ ಕೆಲಸದ ರೂಮು ಖಾಲಿ ಮಾಡಿಕೊಡ್ಬೇಕು."

"ಎಷ್ಟು ದಿನ?"

"ಎಷ್ಟು ದಿನ ಅಂದ್ರೆ? ಇರೋವಷ್ಟು ದಿನ."

ಹೊತ್ತು ಹೊತ್ತಿಗೆ ಆ ಬಾಯಿ! ಬೆಳಿಗ್ಗೆ ಎದ್ದರೆ ಆ ಸೊರ್ರು, ಮಲಗುವಾಗ ಆ ಚಪ್ಪರಿಕೆ. ಇಬ್ಬರಲ್ಲಿ ಒಬ್ಬರು ಹೋಗಬೇಕು, ತಾನಂತೂ ಹೋಗುವವನಲ್ಲ ಎಂದು ಅವನು ಅಲ್ಲೇ, ಹೆಂಡತಿ ಕೊಟ್ಟ ದಿಂಬಿನ ಚೀಲ ಹಿಡಿದುಕೊಂಡೇ ತೀರ್ಮಾನಿಸಿದ.

ದಾರಿಯನ್ನು ಹುಡುಕಬೇಕಾಗಿಯೂ ಇರಲಿಲ್ಲ. ಮದುವೆಯಾದ ಹೊಸತರಲ್ಲೇ ಹೆಂಡತಿ ಎಚ್ಚರಿಸಿದ್ದಳು: "ಅಪ್ಪನಿಗೆ ಸಿಗಡಿ ಆಗಲ್ಲ. ಒಂದು ಚೂರು ಬಾಯಿಗೆ ಹೋದ್ರೂ ಮುಗೀತು." ಒಮ್ಮೆ ಯಾರದೋ ಮದುವೆಯ ಊಟದಲ್ಲಿ ಸಿಗಡಿಯ ತಟ್ಟೆ ಎದುರಿಗೆ ಬಂದದ್ದೇ ತಡ, ಮಾವ ಮುಖ ಕೆಂಪಗೆ ಮಾಡಿಕೊಂಡು ಬಾಯಿಗೆ ಕೈ ಅಡ್ಡ ಹಿಡಿದು ಹೊರಗೋಡಿದ್ದನ್ನು ಅವನೇ ಕಣ್ಣಾರೆ ಕಂಡಿದ್ದ. ಮುಟ್ಟದೆಯೇ ಹಾಗಾದರೆ ನುಂಗಿದರೆ ಏನಾದೀತು? ಗಂಟಲು ಊದಿ, ಉಸಿರು ಕಟ್ಟಿ, ಆ ಸದ್ದು ಒಂದೇ ಸಲಕ್ಕೆ ನಿಂತುಹೋದೀತು. ವಿಷ ಕೊಂಡವನನ್ನು ಅಂಗಡಿಯವನು ಗುರುತಿಡುತ್ತಾನೆ. ಒಣಸಿಗಡಿ ಕೊಂಡವನನ್ನು ಯಾರು ಗುರುತಿಡುತ್ತಾರೆ?

ಮಾವನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಊರಿನ ದೊಡ್ಡ ಚೀನೀ ಹೋಟೆಲಿನಲ್ಲಿ ಔತಣ ಕೊಡುತ್ತೇನೆ ಎಂದಾಗ ಹೆಂಡತಿಯ ಕಣ್ಣಲ್ಲಿ ನೀರು ಬಂತು. ಅವಳನ್ನೇ ಕರೆದುಕೊಂಡು ಹೋಗಿ ಅವನು ಪ್ರತ್ಯೇಕ ಕೋಣೆ ಗೊತ್ತುಮಾಡಿದ. ಬಡಿಸುವವರ ಮುಖ್ಯಸ್ಥನನ್ನು ಅಲ್ಲಿ ಕ್ಯಾಪ್ಟನ್ ಎನ್ನುತ್ತಾರೆ. ಅವನಿಗೆ ಅಳಿಯ ಎಲ್ಲರೂ ಕೇಳುವಂತೆ ಹೇಳಿದ: "ನೋಡಿ, ನಮ್ಮ ಮಾವನವರಿಗೆ ಸಿಗಡಿ ಆಗೋದೇ ಇಲ್ಲ. ಯಾವುದರಲ್ಲೂ ಇರಕೂಡದು. ಜೀವದ ಪ್ರಶ್ನೆ." ಕ್ಯಾಪ್ಟನ್ ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡ. ಉಪಾಯದ ಸೊಗಸಿರುವುದೇ ಇಲ್ಲಿ. ಆ ಅಡುಗೆಮನೆಯಲ್ಲಿ ಸಿಗಡಿ ಬುಟ್ಟಿಗಟ್ಟಲೆ ಬೇಯುತ್ತದೆ. ಯಾವನೋ ಒಬ್ಬ ಅದೇ ಸೌಟನ್ನು ಇದಕ್ಕೂ ಅದ್ದಿದ ಎನ್ನಲು ಸಾಕ್ಷಿಯೇ ಬೇಡ. ಹೆಣ ಬಿದ್ದ ಮೇಲೆ ಅಡುಗೆಯವರ ಆಣೆಯನ್ನು ಯಾರು ನಂಬುತ್ತಾರೆ? ಪೊಲೀಸರನ್ನು ಕರೆಯಿರಿ ಎಂದು ಮೊದಲು ಕೂಗುವವನು ತಾನೇ ಆಗಬೇಕು. ಡಾಕ್ಟರನ್ನು ತರುತ್ತೇನೆಂದು ಓಡಿ, ಹೋಗುವ ದಾರಿಯಲ್ಲೇ, ತಾನು ಬೆರೆಸಿದ ಸಿಗಡಿಪುಡಿಯ ಖಾಲಿ ಪೊಟ್ಟಣವನ್ನು ಕೈತೊಳೆಯುವ ಕೋಣೆಯಲ್ಲಿ ನೀರಿಗೆ ಬಿಟ್ಟರಾಯಿತು.

ಕೆಲಸದ ಕೋಣೆಯ ಬಾಗಿಲು ಹಾಕಿಕೊಂಡು ಒಣಸಿಗಡಿಯನ್ನು ಪುಡಿಮಾಡುವಾಗ ಆ ನಾತಕ್ಕೆ ಅವನಿಗೆ ಓಕರಿಕೆ ಬಂತು. ಮೂಗಿಗೆ ಬಟ್ಟೆ ಕಟ್ಟಿಕೊಂಡ. ಇದೇ ಕೊನೆಯ ಅಸಹ್ಯ ಎಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಂಡ.

ಔತಣದ ಕೋಣೆ ಚೆನ್ನಾಗಿತ್ತು. ಕೆಂಪು ಗೋಡೆ, ಬಿಳಿಯ ಮೇಜುಬಟ್ಟೆ, ದುಂಡು ಮೇಜಿನ ನಡುವೆ ತಿರುಗುವ ಗಾಜಿನ ತಟ್ಟೆ. ಮಾವ, ಮಾವನ ಅಕ್ಕ, ಹೆಂಡತಿ, ಅವನು, ಇಷ್ಟೇ ಜನ. ತಿರುಗುವ ತಟ್ಟೆ ಕಂಡದ್ದೇ ಮಾವನಿಗೆ ಹರಾಜುಕಟ್ಟೆಯ ನೆನಪಾಯಿತು. "ಬಾತುಕೋಳಿ ಒಂದ್ಸಲ, ಬಾತುಕೋಳಿ ಎರಡ್ಸಲ," ಎಂದು ಕೂಗುತ್ತ ಗಾಜನ್ನು ಗಿರ್ರನೆ ತಿರುಗಿಸಿ, ತಾವು ನೆಕ್ಕಿದ ಊಟದ ಕಡ್ಡಿಗಳನ್ನೇ ಎಲ್ಲರ ತಟ್ಟೆಗಳಿಗೂ ಚುಚ್ಚಿದರು. ಬಾತುಕೋಳಿಯ ಕೊಬ್ಬು ಗದ್ದದಿಂದ ಇಳಿದು ಕತ್ತಿನ ಮಡಿಕೆಯೊಳಗೆ ಹೋಯಿತು. ಇಡೀ ಬೇಯಿಸಿದ ಮೀನು ಬಂದಾಗ ಅದರ ಕಣ್ಣನ್ನು ಬೆರಳಿನಿಂದಲೇ ಮೀಟಿ ತೆಗೆದು, ಚಪ್ಪರಿಸಿ, ಒಳಗಿನ ಬಿಳಿಗುಂಡನ್ನು ಅಂಗೈಗೆ ಉಗುಳಿ, "ನೋಡ್ರಿ ಅಳಿಯಂದ್ರೇ, ಮುತ್ತು!" ಎಂದು ತೋರಿಸಿದರು. ಅಳಿಯ ನಕ್ಕ. ಇನ್ನು ಸ್ವಲ್ಪ ಹೊತ್ತು ನಗುವುದರಲ್ಲಿ ಅವನದೇನೂ ಹೋಗುವಂತಿರಲಿಲ್ಲ.

ಹುಳಿ, ಮೆಣಸು ಎರಡೂ ಜೋರಾಗಿದ್ದ ಸೂಪು ದೊಡ್ಡ ಪಾತ್ರೆಯಲ್ಲಿ ಬಂತು. ಅದರ ಘಾಟಿನಲ್ಲಿ ಯಾವ ನಾತವೂ ಮುಚ್ಚಿಹೋಗುತ್ತದೆಂದು ಲೆಕ್ಕ ಹಾಕಿಯೇ ಅಳಿಯ ಅದನ್ನು ತರಹೇಳಿದ್ದ. ಕ್ಯಾಪ್ಟನ್ ಸೌಟಿಗೆ ಕೈ ಹಾಕಿದಾಗ ಅಳಿಯ ಎದ್ದು ನಿಂತ. "ಬೇಡ, ಇವತ್ತು ಮಾವನವರಿಗೆ ನನ್ನ ಕೈಯಾರೆ ಬಡಿಸ್ತೀನಿ." ಮಾವನ ಅಕ್ಕ, "ಎಂಥಾ ಅಳಿಯನ್ನ ಪಡಕೊಂಡು ಬಂದಿದೀಯೋ," ಎಂದು ತಮ್ಮನ ತೋಳು ತಟ್ಟಿದರು. ಎಲ್ಲರೂ ಅತ್ತ ನೋಡುವಷ್ಟರಲ್ಲಿ ಕೈವಸ್ತ್ರದಡಿಯ ಪೊಟ್ಟಣ ಬಟ್ಟಲಿಗೆ ಖಾಲಿಯಾಗಿ, ಮಡಚಿಕೊಂಡು, ಕೋಟಿನ ಜೇಬು ಸೇರಿತು.

ಮಾವ ಎಳೆದರು. ಸೊರ್ರ್. ಈ ಒಂದು ಸಲ ಆ ಸದ್ದು ಅವನಿಗೆ ಇಂಪಾಗಿ ಕೇಳಿಸಿತು. ಇನ್ನೊಂದು ಗುಟುಕು. ಅದಾದ ಮೇಲೆ ಕೆಮ್ಮು. ಮುಖ ಕೆಂಪಾಯಿತು, ಕಣ್ಣು ಮೂಗು ಎರಡರಲ್ಲೂ ನೀರು ಸುರಿಯಿತು, ಮಾವ ಮೇಜನ್ನು ಗುದ್ದತೊಡಗಿದರು.

"ಸಿಗಡಿ!" ಅಳಿಯ ಕುರ್ಚಿ ಉರುಳಿಸಿಕೊಂಡು ಎದ್ದ. "ಈ ಸೂಪಿಗೆ ಸಿಗಡಿ ಹಾಕಿದೀರಿ! ಅಷ್ಟು ಹೇಳಿದ್ದೆ ನಿಮಗೆ! ಪೊಲೀಸರನ್ನ ಕರೀರಿ! ಯಾರೂ ಆ ಬಟ್ಟಲು ಮುಟ್ಟಬೇಡಿ! ನಾನು ಡಾಕ್ಟರನ್ನ..."

ಕ್ಯಾಪ್ಟನ್ ಬಿಳಿಚಿಕೊಂಡ. ಆದರೆ ಬಡಿಸುವ ಹುಡುಗನನ್ನು ಕೆಳಗೆ ಓಡಿಸಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟ. "ಡಾಕ್ಟರು ಕೆಳಗಿನ ಹಾಲ್‌ನಲ್ಲೇ ಊಟಕ್ಕೆ ಕೂತಿದಾರೆ ಸಾರ್, ಬರ್ತಾರೆ. ಪೊಲೀಸರಿಗೂ ಹೇಳಿಕಳಿಸ್ದೆ. ಇದು ನನ್ನ ಕೆಲಸದ ಪ್ರಶ್ನೆ. ನಿಮ್ಮ ಅಡುಗೆ ಬೇರೆ ಅಡುಗೆಮನೇಲಿ, ಬೇರೆ ಪಾತ್ರೆಲಿ ಮಾಡ್ಸಿದೀನಿ. ಅವರು ಬಂದು ಅಲ್ಲೂ ನೋಡ್ಲಿ, ಇಲ್ಲೂ ನೋಡ್ಲಿ. ಅಲ್ಲೀವರೆಗೂ ಒಬ್ರೂ ಹೊರಗೆ ಹೋಗೋದು ಬೇಡ."

"ಸರಿಯಾಗಿ ಮಾಡಿದ್ರಿ," ಎಂದು ಅಳಿಯ ಹೇಳಲೇಬೇಕಾಯಿತು. ಪರವಾಗಿಲ್ಲ, ಹೆಣ ಬಿದ್ದೊಡನೆ ಗದ್ದಲವಾಗುತ್ತದೆ, ಆಗ ನುಸುಳಿದರಾಯಿತು ಎಂದು ಅವನು ಜೇಬಿನ ಮೇಲೆ ಅಂಗೈ ಒತ್ತಿಕೊಂಡು ಮಾವನ ಕಡೆ ತಿರುಗಿದ.

ಮಾವ ಕೆಮ್ಮು ಮುಗಿಸಿ, ಮೇಜುಬಟ್ಟೆಯ ತುದಿಗೆ ಮೂಗು ಸೀನಿ, ಇನ್ನೊಂದು ಚಮಚ ಸೂಪು ಎಳೆದುಕೊಂಡಿದ್ದರು. "ಮೆಣಸು ನೆತ್ತಿಗೆ ಹತ್ತಿತು ಕಣ್ರೀ, ಅದಕ್ಯಾಕೆ ಪೊಲೀಸು? ಏನಂದ್ರಿ, ಇದರಲ್ಲಿ ಸಿಗಡಿ ಇದೆಯಾ?" ನಾಲಿಗೆಯನ್ನು ಅಂಗುಳಕ್ಕೆ ಬಡಿದು ನೋಡಿದರು. "ಹೌದಲ್ಲ, ಇದೆ! ನೀವಿನ್ನೂ ಚಮಚಾನೇ ಮುಟ್ಟಿಲ್ಲ, ನಿಮಗೆ ಹೇಗೆ ಗೊತ್ತಾಯ್ತು?" ಹೆಂಡತಿಯ ನೋಟ ಗಂಡನ ಮುಖದಿಂದ ಜೇಬಿನ ಮೇಲಿನ ಕೈಗೆ ಇಳಿದು ಅಲ್ಲೇ ನಿಂತಿತು. "ನೀನೇ ಹೇಳಿದ್ಯಲ್ಲ, ಅಪ್ಪನಿಗೆ ಸಿಗಡಿ ಆಗಲ್ಲ ಅಂತ, ಚೂರು ಬಾಯಿಗೆ ಹೋದ್ರೆ ಮುಗೀತು ಅಂತ," ಎಂದು ಅವನು ಅವಳಿಗೆ ತೊದಲಿದ. "ಮುಗೀತು ಅಂದ್ರೆ ಊಟ ಮುಗೀತು, ಎದ್ದುಹೋಗ್ತಾರೆ ಅಂತ ರೀ," ಎಂದಳು ಅವಳು, ಆ ಕೈಯಿಂದ ಕಣ್ಣು ತೆಗೆಯದೆ. ಮಾವ ಚಮಚ ಕೆಳಗಿಟ್ಟರು. "ಮೈಗೆ ಏನೂ ಆಗಲ್ಲ ನನಗೆ. ಅದರ ಮೀಸೆ, ಅದರ ಕಾಲು ಕಂಡ್ರೆ ಹೇಸಿಗೆ, ಅದಕ್ಕೇ ಕಂಡ್ರಾಗಲ್ಲ ಅಂತಿದ್ದೆ ಅಷ್ಟೆ," ಎಂದು ಮೊದಲ ಬಾರಿಗೆ ಮೆಲುದನಿಯಲ್ಲಿ ಹೇಳಿದರು. "ನಿಮ್ಮನ್ನ ಕಂಡ್ರೂ ನನಗೆ ಆಗಲ್ಲ, ಅಳಿಯಂದ್ರೇ. ಹಾಗಂತ ನಾನು ಸತ್ತುಹೋದ್ನಾ?"