ಅಜ್ಜನ ಪುಟ್ಟ ವಾಚು

"ಇದು ನಿಮ್ಮ ಮನೆಯವರದ್ದಾ?" ಎಂದು ವಾಚು ರಿಪೇರಿ ಅಂಗಡಿಯವಳು ಕೇಳಿದಳು. ಗಾಜಿನ ಕೌಂಟರಿನ ಮೇಲೆ ಅವನಿಟ್ಟ ವಾಚು ಅಷ್ಟು ಪುಟ್ಟದು. ಇಟ್ಟ ಕೈ ಅಷ್ಟು ದೊಡ್ಡದು.

"ನನ್ನದೇ. ನಮ್ಮಜ್ಜಂದು," ಎಂದ ಬಸ್ ಡ್ರೈವರ್, ನಾಚಿಕೊಂಡು. "ಹೆಂಡ್ತಿ ವಾಚು ಕದ್ದು ತಂದಿದೀಯಾ ಅಂತ ಡಿಪೋದಲ್ಲೂ ರೇಗಿಸ್ತಾರೆ. ನನಗೆ ಹೆಂಡ್ತಿನೇ ಇಲ್ಲ."

ಕೊನೆಯ ಮಾತು ಬೇಕಿರಲಿಲ್ಲ. ಅವಳು ನಗು ತಡೆದುಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಹಿಂದಿನ ಮುಚ್ಚಳ ತೆರೆದಳು. "ಗಂಡಸರ ವಾಚೇ ಇದು. ಆಗೆಲ್ಲ ಇದೇ ಅಳತೆ. ವಾಚು ಚಿಕ್ಕದಲ್ಲ ಡ್ರೈವರ್ ಸಾಹೇಬ್ರೇ, ಈಗಿನವರ ಜಂಬ ದೊಡ್ಡದು."

ತೊಳೆದು ಎಣ್ಣೆ ಹಾಕಿಕೊಟ್ಟ ವಾಚು ಚೆನ್ನಾಗಿಯೇ ನಡೆಯಿತು. ಆದರೂ ಅವನು ಮತ್ತೆ ಮತ್ತೆ ಬಂದ. ಒಮ್ಮೆ ಸ್ಟ್ರಾಪ್ ಬಿಗಿ, ಒಮ್ಮೆ ಗಾಜಿನ ಮೇಲೆ ಗೀರು.

"ಈಗೇನಾಯ್ತು?"

"ಸ್ವಲ್ಪ ಹಿಂದೆ ಬೀಳ್ತಿದೆ."

ಅವಳು ಕಿವಿಗೆ ಹಿಡಿದು ಕೇಳಿದಳು. "ಸರಿಯಾಗೇ ಇದೆ. ನೀವೇ ಬೇಗ ಬಂದಿದ್ದೀರಿ."

ಅಪ್ಪ ತೀರಿಕೊಂಡ ಮೇಲೆ ಆ ಅಂಗಡಿಯಲ್ಲಿ ಅವಳೊಬ್ಬಳೇ. ಅವನಿಗೆ ರಜೆಯಿರುವ ದಿನಗಳಲ್ಲಿ, ಕಿಟಕಿಯ ಬದಿಯ ಸ್ಟೂಲಿನ ಮೇಲಿನ ಡಬ್ಬಗಳು ಅವನು ಬರುವ ಮೊದಲೇ ಕೆಳಗಿಳಿದಿರುತ್ತಿದ್ದವು.

ಒಂದು ಮಧ್ಯಾಹ್ನ ವಾಚು ನಿಜವಾಗಿಯೂ ಕೆಟ್ಟಿತು. ಬಸ್ ತೊಳೆಯುವಾಗ ನೀರು ಹೊಕ್ಕಿತ್ತು. ಅವಳು ಎಲ್ಲ ಬಿಚ್ಚಿ ಒರೆಸಿ, ಮತ್ತೆ ಜೋಡಿಸತೊಡಗಿದಳು. ಚಿಮುಟದ ತುದಿಯಲ್ಲಿ ಕೂದಲೆಳೆಯಷ್ಟು ತೆಳುವಾದ ಚಕ್ರ ನಡುಗಿತು. ಕೆಳಗಿಟ್ಟು ಮತ್ತೆ ಎತ್ತಿದಳು. ಇನ್ನೂ ಜೋರಾಗಿ ನಡುಗಿತು. ಅವಳು ಕೈಯನ್ನು ಮಡಿಲಲ್ಲಿ ಅಡಗಿಸಿಕೊಂಡಳು.

"ಸ್ಟೇರಿಂಗ್ ಹಿಡಿದೂ ಹಿಡಿದೂ ನನ್ನ ಕೈಯೂ ಹೀಗೇ," ಎಂದ ಅವನು.

"ಸುಳ್ಳು ಹೇಳೋಕೂ ಬರಲ್ಲ ನಿಮಗೆ." ಅವಳು ತಲೆಯೆತ್ತಲಿಲ್ಲ. "ಅಮ್ಮನಿಗೂ ಹೀಗೇ ಶುರುವಾಯ್ತು. ಕೊನೆಗೆ ಲೋಟ ಹಿಡಿಯೋಕೂ ಆಗ್ತಿರಲಿಲ್ಲ. ನನಗೂ ಅದೇ ಅಂತ ಡಾಕ್ಟರ್ ಹೇಳಿದ್ದಾರೆ. ಭಾನುವಾರ ಅಣ್ಣ ಬಂದು ಕರ್ಕೊಂಡು ಹೋಗ್ತಾನೆ. ಇದೇ ಕೊನೇ ವಾಚು."

"ಹೋಗ್ಬೇಡಿ. ನಾನಿದ್ದೀನಲ್ಲ."

"ನಮ್ಮಪ್ಪನೂ ಅಮ್ಮನಿಗೆ ಹಾಗೇ ಅಂದಿದ್ರು. ಮಾತು ಉಳಿಸ್ಕೊಂಡ್ರು. ಒಂದು ತುತ್ತು ತಿನ್ನಿಸೋಕೂ ಬೇಸರ ಮಾಡ್ಲಿಲ್ಲ. ಅಮ್ಮ ಮಾತ್ರ ಒಂದೊಂದು ತುತ್ತಿಗೂ ಅಳ್ತಿದ್ಲು. ಆ ಬದುಕು ನನ್ನಿಂದಾಗಲ್ಲ."

ಅವನು ಸ್ಟೂಲನ್ನು ಹತ್ತಿರಕ್ಕೆಳೆದು ಕೂತು, ಅವಳ ಮಣಿಕಟ್ಟನ್ನು ಮೆಲ್ಲಗೆ ಹಿಡಿದ. ನಡುಕ ಅವನ ಅಂಗೈಯೊಳಗೆ ಸಣ್ಣದಾಗುತ್ತ ಬಂತು. ಅವಳು ಉಸಿರು ಬಿಗಿಹಿಡಿದು ಚಕ್ರವನ್ನು ಅದರ ಜಾಗದಲ್ಲಿಟ್ಟಳು, ತಿರುಪು ಬಿಗಿದಳು. ವಾಚು ಟಿಕ್ ಟಿಕ್ ಎಂದಿತು.

"ಆಯ್ತು. ಇನ್ನು ಕೈ ಬಿಡಿ."

"ಬಿಡಲೇಬೇಕಾ?"

ಅವಳು ಭೂತಗನ್ನಡಿ ತೆಗೆದು ಅವನನ್ನೇ ನೋಡಿದಳು. ಕಣ್ಣು ತುಂಬಿತ್ತು. "ಇಷ್ಟ ಇಲ್ಲ ಅಂತಲ್ಲ. ತುಂಬಾ ಇದೆ. ಅದಕ್ಕೇ ಬಿಡಿ ಅಂದೆ."

ಅವನು ಬಿಟ್ಟ.

ಭಾನುವಾರ ಅವಳ ಪೆಟ್ಟಿಗೆಗಳನ್ನು ಅಣ್ಣನ ಕಾರಿಗೆ ಹೊತ್ತು ತುಂಬಿದ್ದು ಅವನೇ. ಅವಳು ಮುಂದಿನ ಸೀಟಿನಲ್ಲಿ ಕೂತಳು. ಕಾರು ಬೀದಿಯ ತಿರುವು ತಲುಪಿದಾಗ ಕಿಟಕಿಯಿಂದ ಅವಳ ಕೈ ಹೊರಬಂತು. ಹೋಗಿಬರ್ತೀನೆಂದು ಬೀಸಿತೋ, ತಾನಾಗಿಯೇ ನಡುಗಿತೋ, ಅವನಿಗೆ ತಿಳಿಯಲಿಲ್ಲ. ಅದು ಮರೆಯಾದ ಮೇಲೂ ಅವನು ಎತ್ತಿದ ತನ್ನ ಕೈ ಇಳಿಸಲಿಲ್ಲ.