ಕತ್ತರಿ ತಾಗಿದ ಕಂಬಳಿ

ಯುದ್ಧ ಮುಗಿದ ವರ್ಷದ ಕಾರ್ತಿಕ ಮಾಸ. ಸಾನಮಾವು ಕಾಡಿನ ಬದಿಯ ಹಟ್ಟಿಯಲ್ಲಿ ಮುನಿರತ್ನಮ್ಮ ನೀರಿನ ಕೊಡ ಹೊತ್ತು ಅಂಗಳಕ್ಕೆ ಬಂದಾಗ, ಬಾಗಲೂರು ಶಾಲೆಯ ಮೇಷ್ಟ್ರು ಮುತ್ತರಾಯಪ್ಪ ಹೊಸ ಕಂಬಳಿಯ ಮೂಲೆಯಿಂದ ನಾಲ್ಕು ಬೆರಳಗಲದ ತುಂಡನ್ನು ಕತ್ತರಿಸಿ ತನ್ನ ಪುಸ್ತಕದೊಳಗೆ ಇಡುತ್ತಿದ್ದ.

ಅವಳು ಕೊಡ ಇಳಿಸಿದಳು.

"ಯಾರನ್ನ ಕೇಳಿ ಕುಯ್ದ್ರಿ ಮೇಷ್ಟ್ರೇ?"

"ಊರೂರಿನ ಕಂಬಳಿ ತುಂಡು ಸೇರಿಸ್ತಿದ್ದೀನಿ. ಯಾರು ಹೆಂಗೆ ನೇಯ್ತಾರೆ ಅಂತ ಬರ್ದು ಮಕ್ಳಿಗೆ ತೋರಿಸ್ಬೇಕು."

"ಕುರುಬರ ಮನೇಲಿ ಹುಟ್ಟಿ, ದೇವರ ಕಂಬಳಿಗೆ ಕತ್ತರಿ ಆಕ್ಬಾರ್ದು ಅಂತ ಗೊತ್ತಿಲ್ವಾ?"

ಅವನಿಗೆ ಗೊತ್ತಿರಲಿಲ್ಲ. ತಾತನ ಕಾಲಕ್ಕೇ ಅವನ ಮನೆಯ ಮಗ್ಗ ನಿಂತುಹೋಗಿತ್ತು.

ಆ ಕಂಬಳಿಯ ನೂಲನ್ನು ನೂತವಳು ಅವಳ ತಾಯಿ ಕೊಂಡಮ್ಮ. ಶಿವರಾತ್ರಿಗೆ ಬೀರದೇವರ ಗದ್ದುಗೆಗೆ ಹಾಸುತ್ತೇನೆಂದು ಹರಕೆ ಹೊತ್ತು, ನೂತು ಮುಗಿಸಿದ ತಿಂಗಳಲ್ಲೇ ಆ ತಾಯಿ ದೇವರ ಪಾದ ಸೇರಿದ್ದಳು. ಕತ್ತರಿ ತಾಗಿದ ಮೇಲೆ ಆ ಹರಕೆ ಹಾಗೆಯೇ ಉಳಿಯಿತು.

ತಂದೆ ಆವುಲಪ್ಪ ಮಗ್ಗದ ಗುಂಡಿಯಲ್ಲಿ ಕುಳಿತೇ ಹೇಳಿದ: "ಎದ್ದೋಗಿ ಮೇಷ್ಟ್ರೇ. ಮತ್ತೆ ಈ ಕಡೆ ಬರ್ಬೇಡಿ."

ಮುಂದಿನ ಭಾನುವಾರ ಅವನು ಬಂದ. ಪುಸ್ತಕ ತಂದಿರಲಿಲ್ಲ.

"ಶಿವರಾತ್ರಿಗೆ ಇನ್ನೂ ಮೂರ್ ತಿಂಗ್ಳೈತೆ. ನಂಗೆ ಮಗ್ಗ ಕಲಿಸಿ, ಬೇರೆ ಕಂಬಳಿ ನಾನೇ ನೇಯ್ತೀನಿ. ಅಲ್ಲೀಗಂಟ ಬರೋದು ಬಿಡಲ್ಲ."

ಆವುಲಪ್ಪ ನೇಯುತ್ತಲೇ ಇದ್ದ. ಮೂರು ಭಾನುವಾರ ಮುತ್ತರಾಯಪ್ಪ ಜಗಲಿಯಲ್ಲಿ ಕುಳಿತು ಉಣ್ಣೆ ಬಿಡಿಸಿದ. ನಾಲ್ಕನೆಯ ಭಾನುವಾರ ಆವುಲಪ್ಪ ಗುಂಡಿಯಿಂದೆದ್ದು ಜಾಗ ಬಿಟ್ಟ.

ಮುನಿರತ್ನಮ್ಮ ನೂತಳು, ಅವನು ನೇಯ್ದ. ಕೆಟ್ಟದ್ದನ್ನು ಬಿಚ್ಚಿದ, ಮತ್ತೆ ನೇಯ್ದ. ಹಾಸುನೂಲಿಗೆ ಹುಣಸೆಬೀಜದ ಗಂಜಿ ಬಳಿಯುವಾಗ ಗಲ್ಲಕ್ಕೂ ಮೆತ್ತಿಕೊಂಡ.

"ಪಾಠ ಹೇಳೋರು, ಅಂಬಲಿ ಕುಡಿಯೋ ಕೂಸಿನಂಗೆ ಮೆತ್ಕೊಂಡಿದ್ದೀರಲ್ಲ."

"ನೀನು ಅಂಗೆ ನೋಡ್ತಿದ್ರೆ ಕೈ ನಿಲ್ಲಲ್ಲ."

"ನೋಡಲ್ಲ ಬುಡಿ."

ಅವಳು ರಾಟೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಎಂದೂ ಹರಿಯದ ಅವಳ ನೂಲು ಆ ದಿನ ಎರಡು ಸಲ ಹರಿಯಿತು.

ಶಿವರಾತ್ರಿಗೆ ಎಂಟು ದಿನ ಉಳಿದಾಗ ಕೊನೆಯ ಅಂಚಿಗೆ ಬಿಳಿ ನೂಲು ಸಾಲಲಿಲ್ಲ. ಮುನಿರತ್ನಮ್ಮ ಒಳಗೆ ಹೋದಳು. ದೇವರ ಗೂಡಿನಿಂದ ಒಂದು ಉಂಡೆ ತಂದಳು.

"ಅವ್ವ ನೂತಿದ್ದು. ಇದೊಂದೇ ಉಳ್ದಿರೋದು. ಇದುವರ್ಗೂ ಯಾರ ಕೈಗೂ ಕೊಟ್ಟಿಲ್ಲ."

ಮುತ್ತರಾಯಪ್ಪ ಎರಡೂ ಕೈಯೊಡ್ಡಿ ತೆಗೆದುಕೊಂಡ.

ಶಿವರಾತ್ರಿಯ ದಿನ ಬೀರದೇವರ ಗದ್ದುಗೆಗೆ ಹೊಸ ಕಂಬಳಿ ಹಾಸಿದರು. ತಾಯಿಯ ಬಿಳಿ ನೂಲು ದೇವರ ಮುಂದಿನ ಅಂಚಿನಲ್ಲಿತ್ತು. ಹರಕೆ ತೀರಿತು. ಕೈಮುಗಿದು ಹೊರಬಂದ ಆವುಲಪ್ಪ ಕಣ್ಣೊರೆಸಿಕೊಂಡು, "ಬರೋ ಭಾನ್ವಾರ ನಿಮ್ಮಪ್ಪನ್ನೂ ಕರ್ಕೊಂಡ್ ಬಾರ್ಲಾ," ಎಂದು ಹೇಳಿ ಮುಂದೆ ನಡೆದ. ಮೇಷ್ಟ್ರು ಎಂಬ ಮಾತು ಅವನ ಬಾಯಿಂದ ಬರಲಿಲ್ಲ.

ಹಿಂದೆ ಉಳಿದ ಮುತ್ತರಾಯಪ್ಪ ಅಂಗಿಯ ಜೇಬಿನಿಂದ ಆ ನಾಲ್ಕು ಬೆರಳಗಲದ ತುಂಡನ್ನು ತೆಗೆದ.

"ಇದು ನಿಂದು. ತಗೋ."

ಅವಳು ಅದನ್ನು ಅಂಗೈಯಲ್ಲಿಟ್ಟು ಸವರಿದಳು. ಮತ್ತೆ ಅವನ ಕೈಗೇ ಕೊಟ್ಟಳು.

"ಪುಸ್ತಕದಾಗೇ ಇರ್ಲಿ. ಮಕ್ಳು ನೋಡ್ಲಿ. ಕೆಳಗೆ ಅವ್ವನ ಹೆಸ್ರು ಬರೀರಿ."

"ಬರೀತೀನಿ. ಆ ಮೂಲೆ ಕುಯ್ದ ಕಂಬಳಿ ಏನ್ಮಾಡ್ತೀಯ?"

"ಮೂಲೆ ಹೊಲ್ದಾಯ್ತು," ಎಂದಳು ಮುನಿರತ್ನಮ್ಮ, ತಲೆ ಎತ್ತಿ ಅವನನ್ನೇ ನೋಡುತ್ತ. "ಅದು ನಿಮ್ಮನೆಗೇ ಬತ್ತದೆ. ನನ್ ಜೊತೆ."